ನೆರೆಯೂರಿನ ಮೇಲಿನ ಜಿದ್ದು

ಹಾಸನದಲ್ಲಿ ಕುಳಿತು ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲಿಗಾಗಿ ಜಗಳವಾಡುವವರು ಇಬ್ಬರಿದ್ದಾರೆ ಎಂದರೆ ಯಾರೂ ನಂಬುವುದಿಲ್ಲ. ಒಬ್ಬ ನಾನು, ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು. ಇನ್ನೊಬ್ಬರು ಎದುರು ಮನೆಯವರು. ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕರಾಗಿದ್ದರು, ಬೀದಿಗೆಲ್ಲ ಅವರು ಈಗಲೂ ಕಂಟ್ರೋಲರೇ. ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಮನೆ ಕಟ್ಟಿದ್ದು ಹಾಸನದಲ್ಲಿ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನಮಗಿಬ್ಬರಿಗೂ ಈ ಹುಚ್ಚು ಹಿಡಿಸಿದವನು ನನ್ನ ಅಕ್ಕನ ಮಗ. ಮಿನ್ನೆಸೋಟ ರಾಜ್ಯದ ಸೇಂಟ್ ಕ್ಲೌಡ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಚಳಿಗಾಲದಲ್ಲಿ ಅಲ್ಲಿ ಮನೆಯಿಂದ ಹೊರಬರುವುದೇ ಸಾಹಸ. ಆದರೂ ಪಕ್ಕದ ಮನೆಯವರು ಒಂದು ಶನಿವಾರ ಅವನನ್ನು ಕಾಲೇಜ್‌ವಿಲ್‌ಗೆ ಕರೆದೊಯ್ದು ಸೇಂಟ್ ಜಾನ್ಸ್ ಕಾಲೇಜಿನ ಪಂದ್ಯ ತೋರಿಸಿದರು. ಬೆನಡಿಕ್ಟೈನ್ ಸನ್ಯಾಸಿಗಳ ಮಠಕ್ಕೆ ಸೇರಿದ, ಗಂಡುಹುಡುಗರ ಕಾಲೇಜು. ಸುತ್ತ ಕಾಡು, ಮರಗಳ ನಡುವಿನ ತಗ್ಗಿನಲ್ಲಿ ಮೈದಾನ. ಅವನು ಅಲ್ಲಿಂದಲೇ ವಿಡಿಯೊ ಕರೆ ಮಾಡಿ, "ಮಾವ, ಇದನ್ನು ನೀವು ನೋಡಲೇಬೇಕು" ಎಂದ. ನೋಡಿದೆ. ಅಂದಿನಿಂದ ನವೆಂಬರ್ ಬಂತೆಂದರೆ ನನ್ನ ಶನಿವಾರದ ನಿದ್ದೆಗೆ ಎಳ್ಳುನೀರು.

ಇದು ಕಾಲಿನಿಂದ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಅಡ್ಡ ಬಂದವನನ್ನು ಕೆಡವುವ ಆಟ. ಟಿ.ವಿ.ಯಲ್ಲಿ ಲಕ್ಷ ಜನರ ಕ್ರೀಡಾಂಗಣ ತುಂಬಿಸುವ ದೊಡ್ಡ ವಿಶ್ವವಿದ್ಯಾಲಯಗಳ ಕಥೆಯೂ ಇದಲ್ಲ. ಇವು ಮೂರನೆಯ ದರ್ಜೆಯವು, ಅಲ್ಲಿನ ಮಾತಿನಲ್ಲಿ ಡಿವಿಷನ್ ತ್ರೀ. ಇಲ್ಲಿ ಆಟ ಆಡಿದ್ದಕ್ಕೆ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಇಂಥ 240ಕ್ಕೂ ಹೆಚ್ಚು ಕಾಲೇಜುಗಳು ಶರತ್ಕಾಲವಿಡೀ ತಮ್ಮ ತಮ್ಮ ವಲಯಗಳಲ್ಲಿ, ಎಂದರೆ ಕಾಲೇಜುಗಳೇ ಸೇರಿ ಕಟ್ಟಿಕೊಂಡ ಕೂಟಗಳಲ್ಲಿ, ಆಡುತ್ತವೆ; ಅವುಗಳಲ್ಲಿ ಆಯ್ದವು ಕೊನೆಗೆ ಸೋತವರು ಮನೆಗೆ ಹೋಗುವ ಪ್ಲೇಆಫ್‌ಗೆ ಬರುತ್ತವೆ. 1973ರಲ್ಲಿ ಇದು ಶುರುವಾದಾಗ ನಾಲ್ಕೇ ತಂಡಗಳಿದ್ದವು, 2024ರಿಂದ 40. ಅಂತಿಮ ಪಂದ್ಯಕ್ಕೆ ಸ್ಟ್ಯಾಗ್ ಬೌಲ್ ಎಂದು ಹೆಸರು. ಮಿನ್ನೆಸೋಟದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಆಟ ಆರಂಭವಾದರೆ ನಮಗೆ ರಾತ್ರಿ ಹನ್ನೊಂದೂವರೆ. ನನ್ನ ಹೆಂಡತಿ ಹಾಲಿನ ಬಾಗಿಲು ಮುಚ್ಚಿಕೊಂಡು ಮಲಗುತ್ತಾಳೆ. ಕಂಟ್ರೋಲರು ಮಫ್ಲರ್ ಸುತ್ತಿಕೊಂಡು, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ. ನಮ್ಮ ಮನೆಯ ಕಾಫಿಯ ಬಗ್ಗೆ ಚಿಕ್ಕಮಗಳೂರಿನವರಾಗಿ ಅವರಿಗೆ ಒಂದು ಅಭಿಪ್ರಾಯವಿದೆ.

ಅವರನ್ನು ಹಿಡಿದದ್ದು ಆಟವಲ್ಲ, ಬಸ್ಸು. ಪ್ಲೇಆಫ್‌ನ ಮೊದಲ ಸುತ್ತುಗಳಲ್ಲಿ ಯಾರಿಗೆ ಯಾರು ಎದುರಾಳಿ ಎಂಬುದು ಬಲಾಬಲದ ಮೇಲಷ್ಟೇ ನಿಂತಿರುವುದಿಲ್ಲ. ದೂರದ ಲೆಕ್ಕವೂ ಇದೆ. ಬಹುಕಾಲ 500 ಮೈಲಿಯ ಒಂದು ಗೆರೆ ಇತ್ತು. ಅದರೊಳಗಿದ್ದರೆ ತಂಡ ಬಸ್ಸಿನಲ್ಲಿ ಹೋಗಬೇಕು, ಮೀರಿದರೆ ಮಾತ್ರ ವಿಮಾನ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಗೆ ಹಣದ ಬಹುಪಾಲು ದೊಡ್ಡವರ ಬ್ಯಾಸ್ಕೆಟ್‌ಬಾಲ್ ಪ್ರಸಾರದಿಂದ ಬರುತ್ತದೆ. ಆ ಸಂಸ್ಥೆಯ ಆದಾಯದಲ್ಲಿ ಈ ಮೂರನೆಯ ದರ್ಜೆಗೆ ಸಲ್ಲುವುದು ಶೇ 3.18 ಮಾತ್ರ. ವಿಮಾನದ ಖರ್ಚು ಉಳಿಸಲು ನೆರೆಹೊರೆಯವರನ್ನೇ ಜೋಡಿ ಮಾಡುತ್ತಾರೆ. ಟೆಕ್ಸಾಸಿನಂಥ ಒಂಟಿ ಮೂಲೆಯ ಕಾಲೇಜುಗಳಿಗೆ ಇದರಿಂದ ಕಿರಿಕಿರಿ. ವಲಯದಲ್ಲಿ ಈಗಾಗಲೇ ಕಾದಾಡಿದ ಪಕ್ಕದೂರಿನವರೇ ರಾಷ್ಟ್ರಮಟ್ಟದಲ್ಲೂ ಮೊದಲು ಎದುರಾದರೆ ಅಭಿಮಾನಿಗಳು ಗೊಣಗದೆ ಇರುತ್ತಾರೆಯೇ? ಕಂಟ್ರೋಲರು ಮಾತ್ರ ಇದನ್ನು ಕೇಳಿ ಕಣ್ಣರಳಿಸಿದರು. "800 ಕಿಲೋಮೀಟರ್ ಎಂದರೆ ಹಾಸನದಿಂದ ಪುಣೆವರೆಗೆ. ಎರಡು ಚಾಲಕರು, ಒಂದು ರಾತ್ರಿ. ಸರಿಯಾಗಿಯೇ ಇದೆಯಲ್ಲ ಮೇಷ್ಟ್ರೇ" ಎಂದರು. ಅಂದಿನಿಂದ ಪಟ್ಟಿ ಪ್ರಕಟವಾದ ಕೂಡಲೇ ಅವರು ಮೊಬೈಲಿನ ನಕಾಶೆಯಲ್ಲಿ ದೂರ ಅಳೆಯುತ್ತಾರೆ. ಯಾವ ತಂಡಕ್ಕೆ ಅನ್ಯಾಯವಾಗಿದೆ ಎಂಬುದನ್ನು ಅಂಕಪಟ್ಟಿ ನೋಡದೆಯೇ ಹೇಳುತ್ತಾರೆ.

ಅವರದು ಇನ್ನೊಂದು ಸಿದ್ಧಾಂತವೂ ಇತ್ತು: ನೇರಳೆ ಅಂಗಿಯವರು ಗೆಲ್ಲುತ್ತಾರೆ. ನಗಬೇಡಿ. ಒಹಾಯೊದ ಮೌಂಟ್ ಯೂನಿಯನ್ 13 ಬಾರಿ ಗೆದ್ದಿದೆ, ನೇರಳೆ. ವಿಸ್ಕಾನ್ಸಿನ್‌ನ ವೈಟ್‌ವಾಟರ್ 2007ರಿಂದ 2014ರೊಳಗೆ ಆರು ಬಾರಿ ಗೆದ್ದಿತು, ಅದೂ ನೇರಳೆ. 2005ರಿಂದ 2014ರವರೆಗಿನ ಹತ್ತು ಅಂತಿಮ ಪಂದ್ಯಗಳಲ್ಲಿ ಒಂಬತ್ತರಲ್ಲಿ ಇವರಿಬ್ಬರೇ ಎದುರುಬದುರು. ಕಂಟ್ರೋಲರ ಪ್ರಕಾರ ಇದಕ್ಕಿಂತ ದೊಡ್ಡ ಜಿದ್ದು ಇನ್ನೊಂದಿಲ್ಲ. ಇಲ್ಲಿ ನನ್ನ ತಕರಾರು. ಅವೆರಡೂ ಊರುಗಳ ನಡುವೆ ಎರಡು ರಾಜ್ಯಗಳಿವೆ. ವೈಟ್‌ವಾಟರ್‌ನ ಹುಡುಗನ ಸೋದರಮಾವ ಮೌಂಟ್ ಯೂನಿಯನ್‌ನಲ್ಲಿ ಓದಿರುವುದಿಲ್ಲ. ಮದುವೆ ಮನೆಯಲ್ಲಿ ಯಾರೂ ಯಾರನ್ನೂ ಚುಚ್ಚುವುದಿಲ್ಲ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಭೇಟಿಯಾಗಿ, ಒಬ್ಬರು ಕಪ್ ಎತ್ತಿಕೊಂಡು ಹೋಗುತ್ತಾರೆ. ಅದು ಪೈಪೋಟಿ; ಜಿದ್ದಲ್ಲ.

ಜಿದ್ದು ಎಂದರೆ ಕಾರ್ಟ್‌ಲ್ಯಾಂಡ್ ಮತ್ತು ಇಥಾಕಾ. ನ್ಯೂಯಾರ್ಕ್ ರಾಜ್ಯದ ಈ ಎರಡು ಊರುಗಳ ನಡುವೆ ಹೆಚ್ಚೆಂದರೆ ಮೂವತ್ತು-ಮೂವತ್ತೈದು ಕಿಲೋಮೀಟರ್, ಹಾಸನದಿಂದ ಬೇಲೂರಿಗಿಂತಲೂ ಹತ್ತಿರ. 1959ರಿಂದ ಇವರು ಒಂದು ಜಗ್‌ಗಾಗಿ ಆಡುತ್ತಿದ್ದಾರೆ. ಬೆಳ್ಳಿಯದಲ್ಲ, ಬಂಗಾರದ್ದಲ್ಲ, ಸಾಧಾರಣ ಹಳೆಯ ಜಗ್. ಪ್ರತಿ ವರ್ಷದ ಅಂಕಗಳನ್ನು ಅದರ ಮೈಮೇಲೆಯೇ ಬರೆಯುತ್ತಾರೆ. ಜಾಗ ತುಂಬಿದ ಮೇಲೆ ಹೊಸ ಜಗ್ ತಂದರು. 2019ರಲ್ಲಿ ಈ ಪಂದ್ಯವನ್ನು ನ್ಯೂಯಾರ್ಕ್ ನಗರದ ಬಳಿಯ ಮೆಟ್‌ಲೈಫ್ ಕ್ರೀಡಾಂಗಣಕ್ಕೆ ಒಯ್ದಾಗ ಬಂದ ಜನ 45,161. ಮೂರನೆಯ ದರ್ಜೆಯಲ್ಲಿ ಅಷ್ಟು ಜನ ಅದಕ್ಕೆ ಮೊದಲು ಯಾವ ಪಂದ್ಯಕ್ಕೂ ಸೇರಿರಲಿಲ್ಲ. ಇಂಡಿಯಾನಾದಲ್ಲಿ ವಾಬಾಷ್ ಮತ್ತು ಡಿಪಾ ಎಂಬ ಎರಡು ಕಾಲೇಜುಗಳಿವೆ. 1890ರಿಂದ ಆಡುತ್ತಿವೆ, 1932ರಿಂದ ಒಂದು ರೈಲು ಎಂಜಿನ್ನಿನ ಗಂಟೆಗಾಗಿ. ತೂಕ 300 ಪೌಂಡು. ಅದನ್ನು ವಿದ್ಯಾರ್ಥಿಗಳು ಎಷ್ಟೋ ಸಲ ಕದ್ದಿದ್ದಾರೆ. ನೂರಮೂವತ್ತು ಕಿಲೋ ಗಂಟೆಯನ್ನು ಕದಿಯುವ ಹುಡುಗರ ಮೈದಣಿವಿನ ಬಗ್ಗೆ ದೈಹಿಕ ಶಿಕ್ಷಣದವನಾದ ನನಗೆ ಗೌರವವೇ ಇದೆ.

ನಾನು ಕಾರ್ಟ್‌ಲ್ಯಾಂಡ್ ಪಕ್ಷ. ಕಾರಣ ಸ್ವಜಾತಿ ಅಭಿಮಾನ: ಅದು ದೈಹಿಕ ಶಿಕ್ಷಕರನ್ನು ತಯಾರು ಮಾಡುವುದಕ್ಕೆ ಹೆಸರಾದ ಸರ್ಕಾರಿ ಕಾಲೇಜು. 2023ರ ಡಿಸೆಂಬರಿನಲ್ಲಿ ಅದು ಮೊದಲ ಬಾರಿಗೆ ಅಂತಿಮ ಪಂದ್ಯಕ್ಕೆ ಬಂದಾಗ ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್ ನಾರ್ತ್ ಸೆಂಟ್ರಲ್, ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದ ತಂಡ. ಎರಡೂ ಕೆಂಪು ಅಂಗಿಯವು, ಹಾಗಾಗಿ ಕಂಟ್ರೋಲರ ಸಿದ್ಧಾಂತ ಅಂದು ರಜೆಯಲ್ಲಿತ್ತು. ಅಲ್ಲಿ ಶುಕ್ರವಾರ ರಾತ್ರಿ, ನಮಗೆ ಶನಿವಾರ ಬೆಳಗಿನ ಜಾವ. ಧನುರ್ಮಾಸ ಹಿಡಿಯುವ ಕಾಲ, ಚಳಿ ಎಲುಬಿಗೆ ಇಳಿಯುತ್ತಿತ್ತು. ಅಕ್ಕನ ಮಗ ತನ್ನ ಟಿ.ವಿ.ಯ ಮುಂದೆ ಮೊಬೈಲ್ ನಿಲ್ಲಿಸಿ ನಮಗೆ ತೋರಿಸುತ್ತಿದ್ದ. ಕೊನೆಯ ಎರಡು ನಿಮಿಷ ಉಳಿದಿರುವಾಗ ಕಾರ್ಟ್‌ಲ್ಯಾಂಡ್ 38, ನಾರ್ತ್ ಸೆಂಟ್ರಲ್ 31. ಅಷ್ಟರಲ್ಲಿ ನಾರ್ತ್ ಸೆಂಟ್ರಲ್ ಚೆಂಡನ್ನು ಗೆರೆ ದಾಟಿಸಿ ಆರು ಅಂಕ ಪಡೆಯಿತು. 38–37. ಈಗ ಎರಡು ದಾರಿ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಸಮ, ಹೆಚ್ಚುವರಿ ಆಟ. ಇನ್ನೊಮ್ಮೆ ಗೆರೆ ದಾಟಿಸಲು ನುಗ್ಗಿದರೆ ಎರಡು ಅಂಕ, ಗೆಲುವು, ತಡೆದರೆ ಸೋಲು. ಅವರು ನುಗ್ಗಿದರು. ಕಾರ್ಟ್‌ಲ್ಯಾಂಡ್ ತಡೆಯಿತು.

ನಾನು ಎದ್ದು ನಿಂತು ಕೂಗಿದ್ದಕ್ಕೆ ಬೀದಿನಾಯಿಗಳು ಬೊಗಳಿದವು. ಕಂಟ್ರೋಲರು ಮಾತ್ರ ತಲೆ ಚಚ್ಚಿಕೊಂಡರು. "ಕೈಯಲ್ಲಿದ್ದ ಒಂದನ್ನು ಬಿಟ್ಟು ಎರಡಕ್ಕೆ ಹೋಗುವುದು ಎಂಥ ಬುದ್ಧಿ! ಸಮ ಮಾಡಿಕೊಂಡು ಆಡಬೇಕಿತ್ತು." ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಎದುರಾಳಿ ದಣಿದಿದ್ದಾನೆ, ನಿನ್ನ ಹುಡುಗರು ಆಗತಾನೇ ಗೆರೆ ದಾಟಿದ್ದಾರೆ, ಮೂರು ಗಜದಾಚೆ ಗೆಲುವಿದೆ. ಆಗ ನುಗ್ಗದವನು ತರಬೇತುದಾರನಲ್ಲ, ಗುಮಾಸ್ತ. ಅವರು ಇದನ್ನು ಮನಸ್ಸಿಗೆ ಹಚ್ಚಿಕೊಂಡರು. ಸಂಚಾರ ನಿಯಂತ್ರಣವೂ ಒಂದು ಬಗೆಯ ಗುಮಾಸ್ತಿಕೆ ಎಂದು ನಾನು ಹೇಳಿದೆನಂತೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುವವರೆಗೂ ಮಾತು ಅಷ್ಟಕ್ಕಷ್ಟೇ ಇತ್ತು.

ತರಬೇತುದಾರ ಎಂದಾಗ ಸೇಂಟ್ ಜಾನ್ಸ್‌ನ ಜಾನ್ ಗಾಲ್ಯಾರ್ಡಿಯ ವಿಷಯ ಬರಲೇಬೇಕು. 1953ರಿಂದ 2012ರವರೆಗೆ ಅಲ್ಲಿದ್ದರು, 86ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಒಟ್ಟು 489 ಗೆಲುವು. ಅಮೆರಿಕದ ಕಾಲೇಜು ಫುಟ್‌ಬಾಲಿನ ಯಾವ ದರ್ಜೆಯಲ್ಲೂ ಅಷ್ಟು ಗೆದ್ದ ತರಬೇತುದಾರ ಬೇರೊಬ್ಬರಿರಲಿಲ್ಲ. ಅವರ ಅಭ್ಯಾಸದಲ್ಲಿ ಕೆಡವಾಟವಿಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ಅಭ್ಯಾಸವಿಲ್ಲ. ಹುಡುಗರು ಅವರನ್ನು ಕೋಚ್ ಎನ್ನುವಂತಿಲ್ಲ, ಜಾನ್ ಎನ್ನಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಿಷಲ್ ಊದುವಂತಿಲ್ಲ! ನನ್ನ ಇಡೀ ವೃತ್ತಿಜೀವನವನ್ನು ಕತ್ತಿನಲ್ಲಿ ವಿಷಲ್ ನೇತುಹಾಕಿಕೊಂಡು ಕಳೆದೆ. ಕಂಟ್ರೋಲರೂ ಅಷ್ಟೇ. ಇದನ್ನು ಓದಿದ ದಿನ ನಾವಿಬ್ಬರೂ ಒಂದೇ ಪಕ್ಷವಾಗಿ ಆ ಮಹಾನುಭಾವನ ವಿರುದ್ಧ ವಾದಿಸಿದೆವು. ವಿಷಲ್ ಇಲ್ಲದೆ ನಮ್ಮ ಹುಡುಗರು ಮೈದಾನಕ್ಕೆ ಬರುವುದಿರಲಿ, ಕ್ಯಾಂಟೀನಿನಿಂದ ಏಳುವುದೂ ಇಲ್ಲ. ಆದರೆ 2003ರ ಅಂತಿಮ ಪಂದ್ಯದಲ್ಲಿ ಆತನ ತಂಡ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ಅನ್ನು 24–6ರಿಂದ ಕೆಡವಿತು. ಅದಕ್ಕೆ ಏನು ಹೇಳುತ್ತೀರಿ?

ಈ ಸೇಂಟ್ ಜಾನ್ಸ್‌ಗೆ ಒಬ್ಬ ಹುಟ್ಟು ಎದುರಾಳಿ ಇದ್ದ: ಸೇಂಟ್ ಪಾಲ್ ನಗರದ ಸೇಂಟ್ ಥಾಮಸ್. ಎರಡೂ ಕ್ಯಾಥೊಲಿಕ್ ಕಾಲೇಜುಗಳು, ನಡುವೆ ಒಂದೂವರೆ ಗಂಟೆಯ ದಾರಿ. ಮೊದಲ ಪಂದ್ಯ 1901ರಲ್ಲಿ. ಒಂದೇ ಮನೆಯಲ್ಲಿ ಅಣ್ಣ ಜಾನ್ಸ್‌ನ ಕೆಂಪು, ತಮ್ಮ ಥಾಮಸ್‌ನ ನೇರಳೆ. 2017ರಲ್ಲಿ ಮಿನಿಯಾಪೊಲಿಸ್‌ನ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ 37,355 ಜನರ ಮುಂದೆ ಆಡಿದರು. ಥಾಮಸ್ 20, ಜಾನ್ಸ್ 17. ಆದರೆ ಅದೇ ವರ್ಷ ಸೇಂಟ್ ಥಾಮಸ್, ತನ್ನದೇ ವಲಯದ ಸೇಂಟ್ ಓಲಾಫ್ ಕಾಲೇಜನ್ನು 97–0ರಿಂದ ಸೋಲಿಸಿತು. ವಿದ್ಯಾರ್ಥಿಗಳ ಸಂಖ್ಯೆಯಲ್ಲೂ ಥಾಮಸ್ ಉಳಿದವರಿಗಿಂತ ಬಹಳ ದೊಡ್ಡದಾಗಿ ಬೆಳೆದಿತ್ತು. 2019ರ ಮೇ ತಿಂಗಳಲ್ಲಿ ವಲಯದ ಕಾಲೇಜುಗಳು ಅದನ್ನು ಹೊರಹಾಕಿದವು, 1920ರಲ್ಲಿ ಆ ವಲಯವನ್ನು ಕಟ್ಟಿದವರಲ್ಲಿ ಅದೂ ಒಂದಾಗಿದ್ದರೂ. ಥಾಮಸ್ ಮೂರನೆಯ ದರ್ಜೆಯಿಂದ ನೇರವಾಗಿ ಮೊದಲನೆಯದಕ್ಕೆ ಹಾರಿತು. 2019ರದೇ ಇಬ್ಬರ ಕೊನೆಯ ಪಂದ್ಯ.

ಕಂಟ್ರೋಲರ ತೀರ್ಪು ಸ್ಪಷ್ಟ: ಹೊರಹಾಕಿದ್ದು ಸರಿ. 97–0 ಎಂಬುದು ಆಟವಲ್ಲ, ಅಪಘಾತ. ಅಕ್ಕನ ಮಗನ ಪಕ್ಕದ ಮನೆಯವರು ಮಾತ್ರ ಸೇಂಟ್ ಥಾಮಸ್ ಅನ್ನು ನಲವತ್ತು ವರ್ಷ ಬೈದವರು, ಈಗ ಬೈಯಲು ಯಾರೂ ಇಲ್ಲದೆ ಅಕ್ಟೋಬರಿನಲ್ಲಿ ಸಪ್ಪಗಿರುತ್ತಾರಂತೆ. ಪ್ಲೇಆಫ್‌ನಲ್ಲಿ ಜಾನ್ಸ್ ಎಷ್ಟು ಮುಂದೆ ಹೋದರೂ ಅವರಿಗೆ ರುಚಿಯಿಲ್ಲ. ನನಗೆ ಅವರ ಮಾತು ಸರಿಯೆನಿಸುತ್ತದೆ, ಏಕೆಂದರೆ ನಮಗೂ ಇದೇ ಆಗಿದೆ.

ಎಂಬತ್ತರ ದಶಕದ ಮೊದಲರ್ಧದಲ್ಲಿ ನಾನು ವಾಲಿಬಾಲ್ ಆಡುತ್ತಿದ್ದಾಗ ಹಾಸನದ ಕಾಲೇಜುಗಳೂ ಚಿಕ್ಕಮಗಳೂರಿನ ಕಾಲೇಜುಗಳೂ ಮೈಸೂರು ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಅಂತರ ಕಾಲೇಜು ಪಂದ್ಯಕ್ಕೆ ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದೆವು, ನೆಟ್ಟು ಮತ್ತು ಚೆಂಡುಗಳ ಚೀಲ ಬಸ್ಸಿನ ಟಾಪಿನ ಮೇಲೆ. ನಾವು ಇಳಿಯುತ್ತಿದ್ದಂತೆ ಅಲ್ಲಿನ ಹುಡುಗರು "ಆಲೂಗಡ್ಡೆ ಮೂಟೆ ಬಂತು" ಎಂದು ಕೂಗುತ್ತಿದ್ದರು. ಅವರು ಹಾಸನಕ್ಕೆ ಬಂದಾಗ ನಾವು ಡಬ್ಬ ಬಡಿದು "ಕಾಫಿ ಚರಟ" ಎನ್ನುತ್ತಿದ್ದೆವು. ಮೈಸೂರಿನ ತಂಡಗಳೆದುರು ಸೋತರೆ ಊಟ ಸೇರುತ್ತಿತ್ತು. ಚಿಕ್ಕಮಗಳೂರಿನವರೆದುರು ಸೋತರೆ ಸೇರುತ್ತಿರಲಿಲ್ಲ. ಆಮೇಲೆ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾಯಿತು, ಚಿಕ್ಕಮಗಳೂರು ಜಿಲ್ಲೆ ಶಿವಮೊಗ್ಗದ ಕಡೆ ಹೋಯಿತು. ಯಾರೂ ಯಾರನ್ನೂ ಹೊರಹಾಕಲಿಲ್ಲ, ಯಾರೂ 97–0 ಮಾಡಲಿಲ್ಲ. ಕಾಗದದ ಮೇಲೆ ಒಂದು ಗೆರೆ ಬಿತ್ತು, ಮರುವರ್ಷದ ಪಂದ್ಯಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೇಲೆ ತಂಡಗಳನ್ನು ದೂರದೂರುಗಳಿಗೆ ಕರೆದೊಯ್ದಿದ್ದೇನೆ, ಕಪ್‌ಗಳನ್ನು ತಂದಿದ್ದೇನೆ. ಹುಡುಗರಿಗೆ ಬೈಯುವುದಕ್ಕೆ ಒಂದು ಊರೇ ಇರಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಹಾಸನಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಬೇಲಿ ಇನ್ನಷ್ಟು ಹತ್ತಿರವಾಯಿತು, ಅಷ್ಟೆ.

ಇದನ್ನೆಲ್ಲ ಮೊನ್ನೆ ಕಂಟ್ರೋಲರಿಗೆ ಹೇಳಿದಾಗ ಅವರು ಕಾಫಿಯ ಲೋಟ ಕೆಳಗಿಟ್ಟರು. "ಹಾಗಾದರೆ ಆಡಿಸಿಬಿಡಿ ಮೇಷ್ಟ್ರೇ. ಆ ಕಾಲದವರು ಇನ್ನೂ ಗಟ್ಟಿಯಾಗಿದ್ದಾರೆ. ಎರಡು ಊರಿನ ಹಳೆಯ ಆಟಗಾರರು, ಒಂದು ಭಾನುವಾರ." ನನಗೆ ಉತ್ಸಾಹ ಬಂತು. ಜಗ್ ಬೇಕಾಗುತ್ತದೆ ಎಂದೆ. ಹಾಸನಾಂಬೆಯ ಜಾತ್ರೆಯಲ್ಲಿ ತಂದ ಹಳೆಯ ಹಿತ್ತಾಳೆ ಬಿಂದಿಗೆ ಅಟ್ಟದ ಮೇಲಿದೆ, ಹೆಂಡತಿ ಒಪ್ಪಿದರೆ ಅದೇ ಆಗುತ್ತದೆ. ಯಾರಿಗೂ ಹೆಚ್ಚು ಕಡಿಮೆಯಾಗದಂತೆ ಬೇಲೂರಿನಲ್ಲಿ ಇಡೋಣ ಎಂದೆ. ಅವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದನ್ನು ಕಂಡು ಅನುಮಾನವಾಗಿ ನಾನೂ ಮೊಬೈಲಿನ ನಕಾಶೆ ತೆಗೆದು ನೋಡಿದೆ. ಹಾಸನದಿಂದ ಬೇಲೂರಿಗೆ ಸುಮಾರು ನಲವತ್ತು ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇಪ್ಪತ್ತೈದರ ಆಸುಪಾಸು. ಹಾಸನ–ಬೇಲೂರು ದಾರಿಯ ಹಗರೆಯಲ್ಲಿ ಇಡಬೇಕು ಎಂದು ನಾನು, ಹಗರೆಯಲ್ಲಿ ಒಳ್ಳೆಯ ಹೋಟೆಲಿಲ್ಲ ಎಂದು ಅವರು. ಮಾತುಕತೆ ನಡೆಯುತ್ತಿದೆ.