ತಗ್ಗಿನ ಬೂದು ಮೋಡ: ಜಿನುಗುತ್ತದೋ, ಹೊಯ್ಯುತ್ತದೋ?

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯ ಆಕಾಶ ಹೆಚ್ಚಿನ ದಿನ ಬರೀ ಬೂದು. ‘ಮೋಡ ಹಾಕಿದೆ’ ಎಂದಷ್ಟೇ ಹೇಳಿ ಬಿಟ್ಟರೆ ಕೊಡೆ ಬೇಕೋ ರೈನ್‌ಕೋಟೇ ಬೇಕೋ ಗೊತ್ತಾಗುವುದಿಲ್ಲ.

ತೀರ ಕೆಳಗಿರುವುದು ಸ್ಟ್ರೇಟಸ್. ಲ್ಯಾಟಿನ್‌ನಲ್ಲಿ ‘ಹಾಸಿದ್ದು’ ಎಂದರ್ಥ. 1802ರಲ್ಲಿ ಮೋಡಗಳಿಗೆ ಹೆಸರಿಟ್ಟ ಲಂಡನ್ನಿನ ಲ್ಯೂಕ್ ಹೊವಾರ್ಡ್ ನೆಲಕ್ಕಂಟಿದ ಮಂಜನ್ನೂ ಇದರಲ್ಲೇ ಸೇರಿಸಿದ್ದರು. ಈಗ ಎರಡನ್ನೂ ಬೇರೆ ಮಾಡಿದ್ದಾರೆ, ಆದರೆ ನಮ್ಮೂರಲ್ಲಿ ಹೊವಾರ್ಡ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಬಜ್ಪೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲಿದೆ. ಪಣಂಬೂರು ಕಡಲತೀರದಲ್ಲಿ ತಲೆಯ ಮೇಲೆ ಕಾಣುವ ತಗ್ಗಿನ ಮೋಡ ಅಲ್ಲಿ ರನ್‌ವೇ ಮುಚ್ಚುವ ಮಂಜಾಗಬಹುದು.

ಗುರುತಿಸಲು ಮೊದಲು ಸೂರ್ಯ ಇರುವ ದಿಕ್ಕಿಗೆ ನೋಡಿ. ಮೋಡದ ತೆಳುವಾದ ಕಡೆ ಸೂರ್ಯನ ಅಂಚು ಚೊಕ್ಕವಾಗಿ ಕಂಡರೆ ಸ್ಟ್ರೇಟಸ್. ಉಜ್ಜಿದ ಗಾಜಿನ ಹಿಂದಿನ ದೀಪದ ಹಾಗೆ ಅಂಚಿಲ್ಲದ ಬೆಳಕು ಮಾತ್ರ ಕಂಡರೆ ಅದು ಮೇಲಿನ ಆಲ್ಟೋಸ್ಟ್ರೇಟಸ್. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದಿದ್ದರೆ, ಮಳೆಯೂ ಎಡೆಬಿಡದೆ ಹೊಯ್ಯುತ್ತಿದ್ದರೆ ನಿಂಬೋಸ್ಟ್ರೇಟಸ್. ಮುದ್ದೆಮುದ್ದೆಯಾಗಿ, ಸಾಲುಸಾಲಾಗಿ ಕಾಣುವುದು ಸ್ಟ್ರೇಟೋಕ್ಯುಮುಲಸ್. ಕೈ ನೀಟಾಗಿ ಚಾಚಿ ಮೂರು ಬೆರಳು ಹಿಡಿದರೆ ಒಂದೊಂದು ಮುದ್ದೆ ಅದಕ್ಕಿಂತ ಅಗಲ ಇರುತ್ತದೆ.

ಹನಿಯೂ ಹೇಳುತ್ತದೆ. ಸ್ಟ್ರೇಟಸ್ ತೆಳು, ಒಳಗೆ ಗಾಳಿ ಮೇಲೇರುವ ವೇಗವೂ ಕಡಿಮೆ. ಹಾಗಾಗಿ ಹನಿ ಬೆಳೆಯುವುದಿಲ್ಲ, 0.5 ಮಿಲಿಮೀಟರ್‌ಗಿಂತ ಸಣ್ಣದಾಗಿಯೇ ಬೀಳುತ್ತದೆ. ಅಂಗಳದಲ್ಲಿ ನಿಂತ ನೀರನ್ನು ನೋಡಿ: ಮುಖಕ್ಕೆ ತಣ್ಣಗೆ ತಾಗಿದರೂ ನೀರಲ್ಲಿ ಉಂಗುರ ಏಳದಿದ್ದರೆ ಅದು ಜಿನುಗು. ಉಂಗುರ ಎದ್ದರೆ ಮೇಲೆ ದಪ್ಪ ಮೋಡ ಇದೆ.

ಅನೇಕರು ಮೋಸ ಹೋಗುವುದು ಕೆಳಗೆ ಓಡುವ ಕಪ್ಪು ಚಿಂದಿಗಳಲ್ಲಿ. ಮಳೆ ಹೊತ್ತು ತರುತ್ತಿವೆ ಎಂದು ತೋರುತ್ತದೆ, ನಿಜದಲ್ಲಿ ಮಳೆಯೇ ಅವನ್ನು ಹುಟ್ಟಿಸಿದ್ದು. ಬೀಳುವ ಹನಿ ಸ್ವಲ್ಪ ಆವಿಯಾಗಿ ಕೆಳಗಿನ ಗಾಳಿಯನ್ನು ತಂಪು ಮಾಡುತ್ತದೆ, ತೇವ ಸೇರಿಸುತ್ತದೆ, ಅಲ್ಲೇ ಚಿಂದಿ ಮೋಡ ಕಟ್ಟುತ್ತದೆ. ಸುರಿಯುವುದು ಅದರ ಮೇಲಿನ ಹಾಸು.

ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂದು ಅಂದಾಜು ಮಾಡಲು ಫೋನಿನ ಹವಾಮಾನ ಆ್ಯಪ್ ಸಾಕು. ತಾಪಮಾನದಿಂದ ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನ) ಕಳೆದು 125ರಿಂದ ಗುಣಿಸಿ. 26 ಮತ್ತು 24 ಡಿಗ್ರಿ ಇದ್ದರೆ 250 ಮೀಟರ್. ಹಗಲಲ್ಲಿ ಗಾಳಿ ಚೆನ್ನಾಗಿ ಬೆರೆತಿರುವಾಗ ಇದು ಹೊಂದುತ್ತದೆ. ಮಳೆ ಸುರಿಯುವಾಗ ನಂಬಬೇಡಿ, ಚಿಂದಿ ಮೋಡ ಲೆಕ್ಕಕ್ಕಿಂತ ಕೆಳಗೇ ಇರಬಹುದು. ಆಗುಂಬೆ ಸುಮಾರು 640 ಮೀಟರ್ ಎತ್ತರ. ಹೆಬ್ರಿ ಕಡೆಯಿಂದ ನೋಡುವಾಗ ಘಟ್ಟದ ನೆತ್ತಿ ಕತ್ತರಿಸಿದಂತೆ ಮಾಯವಾಗಿದ್ದರೆ ತಳ ಅದಕ್ಕಿಂತ ಕೆಳಗಿದೆ. ಘಾಟಿ ಹತ್ತುವವರು ಫಾಗ್ ಲೈಟ್ ಮೊದಲೇ ನೋಡಿಕೊಂಡು ಹೊರಡಲಿ.

ವಿಮಾನದವರು ಆಕಾಶವನ್ನು ಎಂಟು ಪಾಲು ಮಾಡುತ್ತಾರೆ. ಐದು ಪಾಲು ಅಥವಾ ಹೆಚ್ಚು ಮುಚ್ಚಿದ, ಎಲ್ಲಕ್ಕಿಂತ ತಗ್ಗಿನ ಪದರದ ತಳದ ಎತ್ತರವೇ ಅವರಿಗೆ ಸೀಲಿಂಗ್.

ಇನ್ನೊಂದು: ಈ ಹಾಸುಮೋಡಗಳಲ್ಲಿ ಯಾವುದೂ ಗುಡುಗುವುದಿಲ್ಲ. ಬೂದು ಹಾಸಿನೊಳಗಿಂದ ಗುಡುಗು ಕೇಳಿದರೆ ಕ್ಯುಮುಲೋನಿಂಬಸ್, ಅಂದರೆ ಎತ್ತರಕ್ಕೆ ಬೆಳೆದ ಗುಡುಗುಮೋಡ, ಅದರಲ್ಲೇ ಅಡಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದಾಗಲೂ ನಾಡದೋಣಿ ಕಡಲಿಗಿಳಿಯುತ್ತದೆ. ಗುಡುಗು ಕೇಳಿದ ದಿನ ದೋಣಿ ಮೇಲೆಳೆದಿಡುವುದೇ ಸರಿ.