ಬೊಲಿವಾರನ ಅಂಗಿ

ಇವತ್ತು ಇಸ್ತ್ರಿ ಹಾಕುವಾಗ ನನ್ನ ಇಷ್ಟದ ಅಂಗಿಯ ಕಾಲರ್ ಹರಿದಿದ್ದು ಕಣ್ಣಿಗೆ ಬಿತ್ತು. ಎಸೆಯಲು ಮನಸ್ಸಿಲ್ಲ, ಹಾಕಲು ನಾಚಿಕೆ. ಯಾಕೋ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಸಿಮೋನ್ ಬೊಲಿವಾರ್ ನೆನಪಾದ.

1830ರ ಡಿಸೆಂಬರ್ 17, ಕೊಲಂಬಿಯಾದ ಸಾಂಟಾ ಮಾರ್ಟಾ ಹತ್ತಿರದ ಒಂದು ತೋಟದ ಮನೆ. ಅವನು ಸತ್ತಿದ್ದು ಅಲ್ಲೇ. ಹೆಣಕ್ಕೆ ಬಟ್ಟೆ ತೊಡಿಸಲು ಹೋದರೆ ಅವನ ಅಂಗಿ ಹರಿದಿತ್ತಂತೆ, ಬೇರೆಯವರದ್ದು ತಂದು ಹಾಕಿದರಂತೆ. ವೆನೆಜುವೆಲಾದ ಕರಾಕಸ್‌ನ ಭಾರೀ ಶ್ರೀಮಂತರ ಮನೆ ಹುಡುಗ, ಕೋಕೋ ತೋಟ, ಗಣಿ, ಗುಲಾಮರು ಎಲ್ಲಾ ಇದ್ದವನು, ಸ್ಪೇನ್ ವಿರುದ್ಧ ಕಾದಾಡಿ ಒಂದರ ಹಿಂದೆ ಒಂದು ದೇಶ ಬಿಡಿಸಿದವನು, ಬೊಲಿವಿಯಾಕ್ಕೆ ಅವನದೇ ಹೆಸರು! ವಯಸ್ಸು ಬರೀ 47.

ಹಾಗಂತ ಸುಮ್ನೆ ಕಣ್ಣೀರು ಹಾಕುವಂತೆಯೂ ಇಲ್ಲ. 1814ರಲ್ಲಿ ನೂರಾರು ಸ್ಪೇನ್ ಕೈದಿಗಳನ್ನು ಕೊಲ್ಲಿಸಿದ್ದು ಅವನೇ. 1817ರಲ್ಲಿ ತನ್ನದೇ ಕಡೆಯ ಜನರಲ್ ಪಿಯಾರ್‌ಗೆ ಗುಂಡು ಹೊಡೆಸಿದ. 1828ರಲ್ಲಿ ಸರ್ವಾಧಿಕಾರಿಯಾದ, ಅದೇ ವರ್ಷ ಬೊಗೊಟಾದಲ್ಲಿ ಕೊಲ್ಲಲು ಬಂದವರಿಂದ ಕಿಟಕಿ ಹಾರಿ ಪಾರಾದ (ಪಾರು ಮಾಡಿದ್ದು ಗೆಳತಿ ಮನುವೇಲಾ ಸಾಯೆನ್ಸ್, ಇದನ್ನು ಹೇಳಲೇಬೇಕು). ಕೊಲಂಬಿಯಾದ ಪಾಸ್ಟೋ ಊರಿನಲ್ಲಿ ಅವನ ಹೆಸರೆತ್ತಿದರೆ ಈಗಲೂ ಕೆಲವರಿಗೆ ಸಿಟ್ಟು.

ಸತ್ತ ಮೇಲೂ ಬಿಡಲಿಲ್ಲ ನೋಡಿ. ಯಾರಾದರೂ ವಿಷ ಹಾಕಿದ್ದರೇನೋ ಅಂತ 2010ರಲ್ಲಿ ಆಗಿನ ವೆನೆಜುವೆಲಾ ಅಧ್ಯಕ್ಷ ಚಾವೆಜ್ ಗೋರಿ ತೆಗೆಸಿ ಮೂಳೆ ಪರೀಕ್ಷೆ ಮಾಡಿಸಿದರು. ಏನೂ ಖಚಿತವಾಗಲಿಲ್ಲ.

ನನ್ನ ಅಂಗಿ ಮತ್ತೆ ಬೀರುವಿಗೇ ಹೋಯಿತು.