ಜೆ ಕಲರ್ ವಜ್ರ ಹಳದಿ ಕಾಣುತ್ತದಾ?

"ಜಿ ತೆಗೆದುಕೊಳ್ಳುವುದಾ, ಜೆ ಆಗುತ್ತದಾ? ಜೆ ಅಂದರೆ ಹಳದಿ ಅಲ್ವಾ?" ಮಂಗಳೂರಿನ ಚಿನ್ನದಂಗಡಿಯೊಂದರಲ್ಲಿ ವಜ್ರದ ಕೌಂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆ ಸೀಸನ್ ಬಂತೆಂದರೆ ಗಿರಾಕಿಗಳು ಮಾತ್ರ ಅಲ್ಲ, ನೆಂಟರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ.

ಜಿ, ಜೆ ಅಂದರೆ ವಜ್ರದ ಬಣ್ಣದ ದರ್ಜೆ, ಡಿಯಿಂದ ಮುಂದೆ ಹೋದಷ್ಟೂ ಹಳದಿ ಜಾಸ್ತಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಳದಿ ಚಿನ್ನದಲ್ಲಿ ಕೂರಿಸುವ ದುಂಡು ಕಲ್ಲಾದರೆ ಐ ಅಥವಾ ಜೆ ಧಾರಾಳ ಸಾಕು. ವೈಟ್ ಗೋಲ್ಡ್, ಪ್ಲಾಟಿನಂ ಆದರೆ ಜಿ ಅಥವಾ ಹೆಚ್ ನೋಡಿ. ಡಿ, ಇ, ಎಫ್‌ಗೆ ದುಡ್ಡು ಸುರಿಯುವುದು ನಿಮ್ಮ ಖುಷಿ. ಆ ದುಡ್ಡನ್ನು ಒಳ್ಳೆಯ ಕಟಿಂಗ್‌ಗೆ ಹಾಕಿ ಎನ್ನುವವನು ನಾನು, ಯಾಕೆಂದರೆ ಹೊಳಪು ಬರುವುದು ಅಲ್ಲಿಂದ.

ಈ ಅಕ್ಷರಗಳು ಅಮೆರಿಕದ ಜಿಐಎ ಎಂಬ ರತ್ನ ಪರೀಕ್ಷಾ ಸಂಸ್ಥೆಯವು. ಡಿಯಿಂದ ಝಡ್ ತನಕ ಹೋಗುತ್ತವೆ. ಎ, ಬಿ, ಸಿ ಯಾಕಿಲ್ಲ ಅಂದರೆ, ಹಿಂದೆ ವ್ಯಾಪಾರಿಗಳು ಎ, ಡಬಲ್ ಎ ಅಂತ ತಮಗೆ ಬೇಕಾದ ಹಾಗೆ ಹೇಳಿ ಮಾರುತ್ತಿದ್ದರು, ಆ ಗೊಂದಲವೇ ಬೇಡ ಅಂತ ಬಿಟ್ಟರು. ಡಿ, ಇ, ಎಫ್ ಬಣ್ಣವಿಲ್ಲದ ಕಲ್ಲುಗಳು. ಜಿಯಿಂದ ಜೆ ತನಕ ಬಹುತೇಕ ಬಣ್ಣವಿಲ್ಲದವು. ಕೆ ದಾಟಿದ ಮೇಲೆ ಹಳದಿ ನಿಧಾನಕ್ಕೆ ಕಣ್ಣಿಗೆ ಬೀಳತೊಡಗುತ್ತದೆ. ಕಲ್ಲಿನೊಳಗೆ ಸೇರಿದ ಸಾರಜನಕ ನೀಲಿ ಬೆಳಕನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಹೆಚ್ಚಿನ ವಜ್ರಗಳಲ್ಲಿ ಹಳದಿ ಬರುವುದು ಹೀಗೆ.

ಲ್ಯಾಬಿನಲ್ಲಿ ಬಣ್ಣ ನೋಡುವಾಗ ಕಲ್ಲನ್ನು ಬೋರಲು ಹಾಕಿ, ಮಾದರಿ ಕಲ್ಲುಗಳ ಪಕ್ಕದಲ್ಲಿಟ್ಟು, ಬದಿಯಿಂದ ನೋಡುತ್ತಾರೆ. ಮುಖ ಮೇಲೆ ಮಾಡಿಟ್ಟರೆ ಹೊಳಪೇ ಬಣ್ಣವನ್ನು ಮುಚ್ಚಿಬಿಡುತ್ತದೆ. ಮದುವೆ ಮನೆಯಲ್ಲಿ ನಿಮ್ಮ ಉಂಗುರ ಬಿಚ್ಚಿಸಿ ಬೋರಲು ಹಾಕಿ ನೋಡುವವರು ಯಾರಿದ್ದಾರೆ ಮಾರಾಯ್ರೇ?

ಆದರೆ ಎಲ್ಲ ಕಲ್ಲಿಗೂ ಈ ಲೆಕ್ಕ ಹೊಂದುವುದಿಲ್ಲ. ಓವಲ್ (ಮೊಟ್ಟೆ), ಪೇರ್ (ಹನಿ), ಮಾರ್ಕೀಸ್ (ದೋಣಿ) ಆಕಾರದ ಕಲ್ಲುಗಳಲ್ಲಿ ಬಣ್ಣ ತುದಿಗೆ ಹೋಗಿ ಕೂರುತ್ತದೆ. ಮೆಟ್ಟಿಲಿನ ಹಾಗೆ ಕತ್ತರಿಸಿದ ಆಯತಾಕಾರದ ಎಮರಾಲ್ಡ್ ಕಟ್‌ನಲ್ಲಂತೂ ಒಳಗಿನದ್ದೆಲ್ಲ ಕಾಣುತ್ತದೆ. ಅಂಥದ್ದಕ್ಕೆ ಒಂದೆರಡು ಅಕ್ಷರ ಡಿ ಕಡೆಗೆ ಹೋಗಿ. ಕಲ್ಲು ದೊಡ್ಡದಾದಷ್ಟೂ ಬಣ್ಣ ಜಾಸ್ತಿ ಕಾಣುತ್ತದೆ. ಹತ್ತು ಸೆಂಟಿನ (ಕ್ಯಾರೆಟ್ಟಿನ ಹತ್ತನೇ ಒಂದು ಭಾಗ) ಮೂಗುತಿಗೆ ಅಕ್ಷರದ ಚಿಂತೆ ಮಾಡುವುದೇ ಸುಮ್ನೆ.

ಏಳು ಕಲ್ಲಿನ ಬೆಂಡೋಲೆಯ ಲೆಕ್ಕವೇ ಬೇರೆ. ಎರಡೂ ಕಿವಿಗೆ ಸೇರಿ ಹದಿನಾಲ್ಕು ಕಲ್ಲು. ಹದಿಮೂರು ಹೆಚ್ ಇದ್ದು ಒಂದು ಜೆ ಸೇರಿಕೊಂಡರೆ ಆ ಒಂದೇ ಹಳದಿ ಕಾಣುತ್ತದೆ. ಹದಿನಾಲ್ಕೂ ಜೆ ಆದರೆ ಯಾವುದೂ ಹಳದಿ ಕಾಣುವುದಿಲ್ಲ! ಹಾಗಾಗಿ ಬೆಂಡೋಲೆ ಕೊಳ್ಳುವಾಗ ಅಕ್ಷರಕ್ಕಿಂತ ಕಲ್ಲುಗಳ ಜೋಡಿ ನೋಡಿ, ನಡುವಿನದ್ದನ್ನು ಸುತ್ತಲಿನ ಆರರ ಜೊತೆ, ಆಮೇಲೆ ಎಡಕಿವಿಯದ್ದನ್ನು ಬಲಕಿವಿಯದ್ದರ ಜೊತೆ.

ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆಂದ. ನಾವು ದೀಪ ಹಾಕಿರುವುದೇ ಅದಕ್ಕೆ. ನಾಚಿಕೆ ಬೇಡ, ಕೇಳಿ ಬಾಗಿಲ ಹತ್ತಿರ ಹೋಗಿ ನೋಡಿ. ನಮ್ಮ ಜುಲೈ ತಿಂಗಳ ಮೋಡದ ಬೆಳಕು ಬಣ್ಣ ನೋಡಲು ಬಹಳ ಒಳ್ಳೆಯದು, ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ. ಬಿಡಿ ಕಲ್ಲಾದರೆ ಬಿಳಿ ವಿಸಿಟಿಂಗ್ ಕಾರ್ಡನ್ನು ನಡುವೆ ಮಡಚಿ, ಆ ಮಡಿಕೆಯಲ್ಲಿ ಬೋರಲು ಇಟ್ಟು ಬಾಯಿಂದ ಹಾ ಅಂತ ಉಸಿರು ಬಿಡಿ. ಆವಿ ಕೂತು ಹೊಳಪು ಒಂದು ಕ್ಷಣ ಸತ್ತುಹೋಗುತ್ತದೆ, ಆಗ ನಿಜವಾದ ಬಣ್ಣ ಕಾಣುತ್ತದೆ. ಹಳದಿ ಸೀರೆ ಉಟ್ಟು ಬಂದಿದ್ದರೆ ಮಾತ್ರ ಸ್ವಲ್ಪ ದೂರ ಹಿಡಿದು ನೋಡಿ, ಕಲ್ಲು ಸೀರೆಯ ಬಣ್ಣವನ್ನೂ ತೋರಿಸುತ್ತದೆ.

ಹಿರಿಯರು "ಬ್ಲೂ ಜಾಗರ್ ಉಂಟಾ?" ಅಂತ ಕೇಳುತ್ತಾರೆ. ನೀಲಿ ಛಾಯೆಯ ಬಿಳಿ ವಜ್ರಕ್ಕೆ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ ಕೆಲವು ಕಲ್ಲು ನೀಲಿಯಾಗಿ ಬೆಳಗುತ್ತವೆ, ಸರ್ಟಿಫಿಕೇಟಿನಲ್ಲಿ ಫ್ಲೋರೆಸೆನ್ಸ್ ಅಂತ ಬರೆದಿರುತ್ತದೆ. ಐ, ಜೆ ಕಲ್ಲಿನಲ್ಲಿ ಅದು ಮೀಡಿಯಂ ಇದ್ದರೆ ಹಗಲಲ್ಲಿ ಕಲ್ಲು ಇನ್ನಷ್ಟು ಬಿಳಿ ಕಾಣಬಹುದು. ಸ್ಟ್ರಾಂಗ್ ಅಂತ ಇದ್ದರೆ ಬಿಸಿಲಿಗೆ ಹಿಡಿದು ನೋಡಿ. ಅಪರೂಪಕ್ಕೆ ಕೆಲವು ಮಂಜು ಮುಸುಕಿದ ಹಾಗೆ ಕಾಣುತ್ತವೆ, ಅದು ಬೇಡ.

ಇನ್ನು "ಅಮ್ಮನ ಬೆಂಡೋಲೆ ಹಳದಿಯಾಗಿದೆ, ಕೊಟ್ಟು ಬೇರೆ ತೆಗೆದುಕೊಳ್ಳುತ್ತೇವೆ" ಎಂದು ಬರುವವರು. ಹಾಕಿಕೊಂಡ ಮಾತ್ರಕ್ಕೆ ವಜ್ರ ಹಳದಿಯಾಗುವುದಿಲ್ಲ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ತಲೆಗೆ ಹಾಕಿದ ತೆಂಗಿನೆಣ್ಣೆ, ಸೋಪು ಎಲ್ಲ ಕಲ್ಲಿನ ಹಿಂದೆ ಸೇರಿ ಗಟ್ಟಿಯಾಗಿರುತ್ತದೆ. ಹಿಂಬದಿ ತೆರೆದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ನೆನೆಸಿ, ಮೆತ್ತಗಿನ ಬ್ರಶ್ಶಿನಲ್ಲಿ ಉಜ್ಜಿ. ಹಿಂಬದಿ ಮುಚ್ಚಿದ ಹಳೆಯ ಕಟ್ಟಾದರೆ ನೀರಿಗೆ ಹಾಕಬೇಡಿ, ನಮ್ಮಂಥವರ ಹತ್ತಿರ ತನ್ನಿ. ಮಾರುವ ಮಾತು ಅದಾದ ಮೇಲೆ.